ಕೋರ್ಸ್ ವೆಬ್‌ಸೈಟ್ ಪರೀಕ್ಷೆಗೆ ಯಾರನ್ನು ಕರೆಯಬೇಕು?

ಸ್ಮಿತಾ: ಒಂದು ವಿಶ್ವವಿದ್ಯಾಲಯದ ಕೋರ್ಸ್ ವೆಬ್‌ಸೈಟನ್ನು ಹೊಸದಾಗಿ ಮಾಡುತ್ತಿದ್ದೇವೆ. ಬೇರೆ ದೇಶಗಳಿಂದ ಅರ್ಜಿ ಹಾಕುವವರಿಗೆ ಅದು ಸುಲಭವಾಗಿದೆಯಾ ಎಂದು ಯೂಸರ್ ಟೆಸ್ಟಿಂಗ್ (ಬಳಸುವವರ ಕೈಗೇ ಕೊಟ್ಟು ನೋಡುವ ಪರೀಕ್ಷೆ) ಮಾಡಬೇಕು. ಕ್ಯಾಂಪಸ್‌ನಲ್ಲಿರುವ ವಿದೇಶಿ ವಿದ್ಯಾರ್ಥಿಗಳನ್ನೇ ಕರೆದರೆ ಸಾಕಾ?

ರಘು: ಧಾರಾಳವಾಗಿ ಸಾಕು. ಹತ್ತಿರದಲ್ಲೇ ಇದ್ದಾರೆ, ಖರ್ಚೂ ಕಡಿಮೆ. 5 ಜನ ಬಂದರೆ ಸುಮಾರು ಶೇ. 85ರಷ್ಟು ತೊಂದರೆಗಳು ಕಣ್ಣಿಗೆ ಬೀಳುತ್ತವೆ ಎಂದು ಯೂಸರ್ ಟೆಸ್ಟಿಂಗ್ ತಜ್ಞ ಜೇಕಬ್ ನೀಲ್ಸನ್ 2000ದಲ್ಲೇ ಬರೆದಿದ್ದಾರೆ.

ಮೇಘನಾ: ರಘು ಅವರೇ, ಆ 5 ಒಂದೇ ಬಗೆಯ ಬಳಕೆದಾರರಿಗೆ ಹೇಳಿದ್ದು. ಎರಡು ಬೇರೆ ಗುಂಪುಗಳಿದ್ದರೆ ಒಂದೊಂದರಿಂದ 3-4 ಜನ ಬೇಕು ಎಂದೂ ಅದೇ ಲೇಖನದಲ್ಲಿದೆ. ಪದವಿಗೆ ಬರುವ ಹುಡುಗರೂ ಪಿಎಚ್‌ಡಿಗೆ ಬರುವವರೂ ಒಂದೇ ಗುಂಪಾ? ನನ್ನ ದೊಡ್ಡ ತಕರಾರು ಬೇರೆ. ಕ್ಯಾಂಪಸ್‌ನಲ್ಲಿರುವವರು ಹೇಗೋ ದಾರಿ ಹುಡುಕಿ ಸೀಟು ಪಡೆದವರು. ಕ್ರೆಡಿಟ್, ಮಾಡ್ಯೂಲ್ (ಕೋರ್ಸಿನ ಒಂದು ಭಾಗ), ಕಂಡೀಷನಲ್ ಆಫರ್ (ಷರತ್ತಿನ ಮೇಲೆ ಕೊಡುವ ಸೀಟು) ಎಂಬ ಪದಗಳೆಲ್ಲ ಅವರಿಗೆ ಈಗ ಗೊತ್ತು. ಅರ್ಧದಲ್ಲೇ ಕೈಬಿಟ್ಟವರು ಅಲ್ಲಿ ಸಿಗುವುದಿಲ್ಲ. ನಮಗೆ ಬೇಕಾಗಿರುವುದು ಅವರೇ ಅಲ್ವಾ?

ಅನಂತ್: ಅದಕ್ಕೆ ಅನಲಿಟಿಕ್ಸ್ (ವೆಬ್‌ಸೈಟಿಗೆ ಬಂದವರ ಓಡಾಟದ ಲೆಕ್ಕ) ಇದೆಯಲ್ಲ. ಯಾವ ಪುಟದಲ್ಲಿ ಬಿಟ್ಟು ಹೋದರು ಎಂದು ಸಾವಿರಾರು ಜನರ ಲೆಕ್ಕ ಸಿಗುತ್ತದೆ.

ಮೇಘನಾ: ಎಲ್ಲಿ ಬಿಟ್ಟರು ಎಂದು ಸಿಗುತ್ತದೆ, ಯಾಕೆ ಬಿಟ್ಟರು ಎಂದು ಸಿಗುವುದಿಲ್ಲ. ಶುಲ್ಕದ ಪುಟದಿಂದ ಹೊರಟವರಿಗೆ ದುಬಾರಿಯಾಯಿತೋ, ಅದು ಒಂದು ವರ್ಷದ್ದೋ ಇಡೀ ಕೋರ್ಸಿನದ್ದೋ ಎಂದೇ ತಿಳಿಯಲಿಲ್ಲವೋ?

ಇಮ್ತಿಯಾಜ್: ಮೇಘನಾ ಅವರ ಮಾತು ಸರಿ. ವಿಡಿಯೋ ಕಾಲ್‌ನಲ್ಲಿ, ಅವರದೇ ಫೋನ್, ಅವರದೇ ನೆಟ್‌ವರ್ಕ್‌ನಲ್ಲಿ ಮಾಡಿಸಿ. ಆಫೀಸಿನ ದೊಡ್ಡ ಪರದೆಯಲ್ಲಿ ಚೆನ್ನಾಗಿ ಕಾಣುವ ಶುಲ್ಕದ ಪಟ್ಟಿ ಫೋನಿನಲ್ಲಿ ಅರ್ಧಕ್ಕೇ ಕತ್ತರಿಸಿ ಹೋಗಿರುತ್ತದೆ. ಮನಸ್ಸಿಗೆ ಬಂದದ್ದನ್ನು ಬಾಯಿಬಿಟ್ಟು ಹೇಳುತ್ತಾ ಹೋಗಿ ಎಂದು ಕೇಳುತ್ತೇವಲ್ಲ, ಅದನ್ನು ಅವರ ಭಾಷೆಯಲ್ಲೇ ಹೇಳಲು ಬಿಡಿ. ಅರೆಬರೆ ಇಂಗ್ಲಿಷಿನಲ್ಲಿ ಕೇಳಿದರೆ ‘ಚೆನ್ನಾಗಿದೆ’ ಎಂದು ಸುಮ್ಮನಾಗುತ್ತಾರೆ.

ಸ್ಮಿತಾ: ಏನು ಕೆಲಸ ಕೊಡಬೇಕು?

ಮೇಘನಾ: ‘ಪ್ರವೇಶ ಅರ್ಹತೆ ಪುಟ ಹುಡುಕಿ’ ಎನ್ನಬೇಡಿ. ಮೆನುವಿನ ಪದವನ್ನೇ ಕೊಟ್ಟರೆ ಉತ್ತರ ಹೇಳಿಕೊಟ್ಟ ಹಾಗೆ. ‘ನಿಮ್ಮ ಅಂಕಪಟ್ಟಿ ಎದುರಿಗಿಟ್ಟುಕೊಳ್ಳಿ, ಈ ಕೋರ್ಸಿಗೆ ನೀವು ಅರ್ಜಿ ಹಾಕಬಹುದಾ ಹೇಳಿ’ ಎಂದು ಕೇಳಿ, ಆಮೇಲೆ ಬಾಯಿ ಮುಚ್ಚಿಕೊಂಡು ನೋಡಿ. ಐಇಎಲ್‌ಟಿಎಸ್ (ಇಂಗ್ಲಿಷ್ ಭಾಷಾ ಪರೀಕ್ಷೆ) ಒಟ್ಟು 6.5, ಯಾವ ವಿಭಾಗದಲ್ಲೂ 6ಕ್ಕಿಂತ ಕಡಿಮೆ ಇರಬಾರದು ಎಂದು ಬರೆದಿದ್ದರೆ, ಒಟ್ಟು 7 ಬಂದು ಬರವಣಿಗೆಯಲ್ಲಿ 5.5 ಇರುವವರು ಏನು ಅರ್ಥ ಮಾಡಿಕೊಳ್ಳುತ್ತಾರೆ? ಆ ಅಂಕ ಸಾಮಾನ್ಯವಾಗಿ 2 ವರ್ಷ ಮಾತ್ರ ನಡೆಯುತ್ತದೆ. ಎರಡು ವರ್ಷ ಲೆಕ್ಕ ಹಾಕುವುದು ಅರ್ಜಿಯ ದಿನಕ್ಕೋ, ಕೋರ್ಸ್ ಶುರುವಾಗುವ ದಿನಕ್ಕೋ ಪುಟದಲ್ಲಿದೆಯಾ? ಕೊನೆಯ ದಿನಾಂಕ 03/04 ಎಂದಿದ್ದರೆ ಕೆಲವರಿಗೆ ಏಪ್ರಿಲ್ 3, ಕೆಲವರಿಗೆ ಮಾರ್ಚ್ 4. ಇಂಥದ್ದರಲ್ಲಿ ಒಬ್ಬರ ಒಂದು ವರ್ಷವೇ ಹೋಗುತ್ತದೆ.

ರಘು: ಒಪ್ಪುತ್ತೇನೆ. ಆದರೂ ಪ್ರಶ್ನೆಗಳು ಸರಿಯಾಗಿವೆಯಾ ಎಂದು ಮೊದಲು ಕ್ಯಾಂಪಸ್‌ನ ಇಬ್ಬರ ಮೇಲೆ ನೋಡಿ. ದೂರದವರ ಸಮಯ ಹಾಳಾಗುವುದು ಬೇಡ.

ಸ್ಮಿತಾ: ವಿಚಾರಿಸಿ ಇಮೇಲ್ ಕಳಿಸಿದವರ ಪಟ್ಟಿ ಪ್ರವೇಶ ವಿಭಾಗದಲ್ಲಿರುತ್ತದೆ. ಅಲ್ಲಿಂದ ಕರೆಯಬಹುದಾ?

ಇಮ್ತಿಯಾಜ್: ಇಂಥದ್ದಕ್ಕೆ ಸಂಪರ್ಕಿಸಬಹುದು ಎಂದು ಒಪ್ಪಿದವರನ್ನು ಮಾತ್ರ ಕರೆಯಿರಿ. ಇದಕ್ಕೂ ನಿಮ್ಮ ಅರ್ಜಿಗೂ ಸಂಬಂಧವಿಲ್ಲ ಎಂದು ಮೊದಲೇ ಬರೆದು ಕೊಡಿ. ಪ್ರವೇಶ ವಿಭಾಗದವರು ಆ ಕಾಲ್‌ನಲ್ಲಿ ಕೂರುವುದು ಬೇಡ. ಸೀಟು ಕೊಡುವವರ ಎದುರು ಯಾರು ತಾನೇ ತಪ್ಪು ತೋರಿಸುತ್ತಾರೆ?