‘ಓವರ್‌ಲಾರ್ಡ್’ ಚಿತ್ರದ ರಕ್ತಪಾತ: ಒಂದು ದೃಶ್ಯ ಕಾಡುತ್ತದೆ, ಇನ್ನೊಂದು ಏಕೆ ತಟ್ಟುವುದಿಲ್ಲ?

ಪ್ರಶ್ನೆ

2018ರಲ್ಲಿ ತೆರೆಕಂಡ ‘ಓವರ್‌ಲಾರ್ಡ್’ ಚಿತ್ರವನ್ನು ಕಳೆದ ವಾರ ಎರಡು ಬಾರಿ ನೋಡಿದೆ. ಜೂಲಿಯಸ್ ಏವರಿ ನಿರ್ದೇಶಿಸಿರುವ, ಜೆ.ಜೆ. ಏಬ್ರಮ್ಸ್ ನಿರ್ಮಾಣದಲ್ಲಿ ಪಾಲ್ಗೊಂಡಿರುವ ಈ ಚಿತ್ರದ ಕಥೆ, 1944ರ ಜೂನ್ 6ರ ನಾರ್ಮಂಡಿ ದಾಳಿಯ ಹಿಂದಿನ ರಾತ್ರಿ ಆರಂಭವಾಗುತ್ತದೆ. ಜರ್ಮನ್ನರ ಹಿಡಿತದಲ್ಲಿರುವ ಫ್ರೆಂಚ್ ಹಳ್ಳಿಯ ಚರ್ಚಿನ ಮೇಲಿನ ರೇಡಿಯೊ ಗೋಪುರವನ್ನು ಬೆಳಗಾಗುವುದರೊಳಗೆ ಉರುಳಿಸಲು ಬಂದ ಅಮೆರಿಕನ್ ಪ್ಯಾರಾಟ್ರೂಪರ್‌ಗಳಲ್ಲಿ ಬದುಕುಳಿಯುವವರು ಬೆರಳೆಣಿಕೆಯಷ್ಟು ಮಂದಿ. ಅದೇ ಚರ್ಚಿನ ನೆಲಮಾಳಿಗೆಯಲ್ಲಿ ನಾತ್ಸಿ ವೈದ್ಯನೊಬ್ಬ ಹಳ್ಳಿಗರ ಮೇಲೆ ಪ್ರಯೋಗ ನಡೆಸುತ್ತ, ಸತ್ತವರನ್ನು ಎಬ್ಬಿಸುವ ಮದ್ದೊಂದನ್ನು ತಯಾರಿಸುತ್ತಿರುವುದು ಅವರಿಗೆ ತಿಳಿಯುತ್ತದೆ. ಮುಂದೆ ಕಥೆಯ ತಿರುವುಗಳೆಲ್ಲ ಬರುವುದರಿಂದ, ಚಿತ್ರವನ್ನು ಇನ್ನೂ ನೋಡದವರು ಇಲ್ಲಿಗೇ ನಿಲ್ಲಿಸುವುದು ಒಳ್ಳೆಯದು.

ಚೇಸ್ ಎಂಬ ಸೈನಿಕ ಗುಂಡೇಟಿನಿಂದ ಸಾಯುತ್ತಾನೆ. ಕೊರಳಲ್ಲಿ ಕ್ಯಾಮೆರಾ ತೂಗಿಸಿಕೊಂಡು ಎಲ್ಲರ ಚಿತ್ರ ತೆಗೆಯುತ್ತಿದ್ದ ಹುಡುಗ ಅವನು. ನಾಯಕ ಬಾಯ್ಸ್ ದುಃಖ ತಡೆಯಲಾರದೆ, ತಾನು ನೆಲಮಾಳಿಗೆಯಿಂದ ತಂದ ಮದ್ದನ್ನು ಅವನಿಗೆ ಚುಚ್ಚುತ್ತಾನೆ. ಚೇಸ್ ಎದ್ದು ಕೂರುತ್ತಾನೆ, ಮಾತಾಡುತ್ತಾನೆ, ಒಂದೆರಡು ಕ್ಷಣ ಎಲ್ಲವೂ ಸರಿಹೋಯಿತೆನಿಸುತ್ತದೆ. ಆಮೇಲೆ ಅವನ ಕುತ್ತಿಗೆ ಹಿಂದಕ್ಕೆ ಮುರಿದು ಬಾಗುತ್ತದೆ. ಕೊನೆಗೆ ಬಾಯ್ಸನೇ ಬಂದೂಕಿನ ಹಿಡಿಯಿಂದ ಗೆಳೆಯನ ತಲೆಯನ್ನು ಜಜ್ಜಬೇಕಾಗುತ್ತದೆ. ಈ ದೃಶ್ಯ ಮೂರು ದಿನ ನನ್ನ ಕಣ್ಣಿನಿಂದ ಹೋಗಲಿಲ್ಲ. ಆದರೆ ಇದಕ್ಕಿಂತ ಹೆಚ್ಚು ರಕ್ತ ಹರಿಯುವ ಕೊನೆಯ ಅರ್ಧ ಗಂಟೆಯನ್ನು ನಾನು ಏನೂ ಅನ್ನಿಸದೆ ನೋಡಿ ಮುಗಿಸಿದೆ. ಹೀಗೇಕಾಗುತ್ತದೆ ಎನ್ನುವುದು ಮೊದಲ ಪ್ರಶ್ನೆ. ನಾತ್ಸಿಗಳು ನಿಜವಾಗಿಯೂ ಮನುಷ್ಯರ ಮೇಲೆ ಪ್ರಯೋಗ ನಡೆಸಿದ್ದರು ಎಂಬುದು ಗೊತ್ತಿರುವಾಗ, ಅದನ್ನೇ ಹೆಣಗಳೇಳುವ ಕಥೆಗೆ ಕಚ್ಚಾವಸ್ತುವಾಗಿ ಬಳಸುವುದು ಸರಿಯೇ ಎನ್ನುವುದು ಎರಡನೆಯದು, ಮತ್ತು ನನ್ನನ್ನು ಹೆಚ್ಚು ಬಾಧಿಸುತ್ತಿರುವುದು ಅದೇ.

ಮೊದಲ ಉತ್ತರ

ನೀವು ಗುರುತಿಸಿದ ವ್ಯತ್ಯಾಸವನ್ನು ಹೇಳಲು ನಮ್ಮಲ್ಲಿ ಬಹಳ ಹಳೆಯ ಮಾತುಗಳಿವೆ. ನಾಟ್ಯಶಾಸ್ತ್ರದಲ್ಲಿ ಭರತ ಬೀಭತ್ಸವನ್ನೂ ಭಯಾನಕವನ್ನೂ ಎರಡು ಬೇರೆ ರಸಗಳಾಗಿ ಎಣಿಸುತ್ತಾನೆ. ಒಂದರ ಸ್ಥಾಯಿಭಾವ, ಅಂದರೆ ಮೂಲದಲ್ಲಿರುವ ಭಾವ, ಜುಗುಪ್ಸೆ; ಇನ್ನೊಂದರದು ಭಯ. ಬೀಭತ್ಸದಿಂದ ಭಯಾನಕ ಹುಟ್ಟುತ್ತದೆ ಎಂದೂ ಅವನು ಹೇಳುತ್ತಾನೆ. ಆದರೆ ತೆರೆಯ ಮೇಲೆ ಅದು ತಾನಾಗಿ ಹುಟ್ಟುವುದಿಲ್ಲ ಎಂಬುದು ಭಯಾನಕ ಚಿತ್ರಗಳನ್ನು ವರ್ಷಗಟ್ಟಲೆ ನೋಡಿದ ನನ್ನ ಅನುಭವ. ಸೀಳಿದ ದೇಹವನ್ನು ಕಂಡರೆ ಮುಖ ತಿರುಗಿಸಬೇಕೆನಿಸುತ್ತದೆ. ಭಯವಾಗಬೇಕಾದರೆ ಆ ದೇಹ ಯಾರದೆಂದು ನಮಗೆ ಗೊತ್ತಿರಬೇಕು, ಇಲ್ಲವೇ ಅದು ನಾಳೆ ಯಾರದಾಗಬಹುದು ಎಂಬ ಆತಂಕವಾದರೂ ಇರಬೇಕು.

ಚೇಸ್‌ನ ದೃಶ್ಯದಲ್ಲಿ ಇವೆರಡರ ಜೊತೆಗೆ ಇನ್ನೊಂದೂ ಇದೆ. ಬಾಯ್ಸ್ ಹಳ್ಳಿಯಲ್ಲಿ ಮಾಡುವ ಮೊದಲ ದೊಡ್ಡ ತಪ್ಪು ಅದು, ಮತ್ತು ಅದು ಪ್ರೀತಿಯಿಂದ ಮಾಡಿದ ತಪ್ಪು. ತರಬೇತಿ ಶಿಬಿರದಲ್ಲಿ ಒಂದು ಇಲಿಯನ್ನೂ ಕೊಲ್ಲಲಾರದವನೆಂದು ನಾವು ಕೇಳಿರುವ ವ್ಯಕ್ತಿ, ಗೆಳೆಯನನ್ನು ಉಳಿಸಲು ಹೋಗಿ ಅವನನ್ನು ತನ್ನ ಕೈಯಾರೆ ಎರಡನೆಯ ಬಾರಿ ಕೊಲ್ಲುತ್ತಾನೆ. ಬಾಯ್ಸ್ ಪಾತ್ರದ ನಟ ಜೊವಾನ್ ಅಡೆಪೊ ಅವರ ಮುಖವನ್ನು ಆಗ ಗಮನಿಸಿ ನೋಡಿ: ಹೊಡೆತಗಳು ಅಗತ್ಯಕ್ಕಿಂತ ಹೆಚ್ಚೇ ಬೀಳುತ್ತವೆ, ನಿಲ್ಲಿಸಬೇಕೆಂಬುದು ಅವನಿಗೆ ತಡವಾಗಿ ಹೊಳೆಯುತ್ತದೆ. ಜುಗುಪ್ಸೆಯಿಂದ ಆರಂಭವಾದದ್ದು ಅಲ್ಲಿ ಕರುಣಕ್ಕೆ ಬಂದು ನಿಲ್ಲುತ್ತದೆ. ಕೊನೆಯ ಕಾಳಗದಲ್ಲಿ ಹಾಗಾಗುವುದಿಲ್ಲ. ನಾತ್ಸಿ ಅಧಿಕಾರಿ ಕ್ಯಾಪ್ಟನ್ ವಾಫ್ನರ್ ತನಗೆ ತಾನೇ ಮದ್ದು ಚುಚ್ಚಿಕೊಂಡ ಮೇಲೆ ಅವನು ಗೋಡೆಗೆ ಅಪ್ಪಳಿಸಿದರೂ ಏಳುತ್ತಾನೆ, ಗುಂಡು ತಗುಲಿದರೂ ನಡೆಯುತ್ತಾನೆ. ಯಾವ ಪೆಟ್ಟಿಗೂ ಬೆಲೆಯಿಲ್ಲ ಎಂದಾದಾಗ ನಾವು ಪೆಟ್ಟುಗಳನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ.

ಒಂದು ತೊಟ್ಟು ರಕ್ತವನ್ನೂ ತೋರಿಸದೆ ಈ ಚಿತ್ರ ನನ್ನನ್ನು ಹೆಚ್ಚು ಹೆದರಿಸಿದ್ದು ಬೇರೊಂದು ಕಡೆ. ಸೈನಿಕರಿಗೆ ಆಶ್ರಯ ಕೊಡುವ ಹಳ್ಳಿಯ ಯುವತಿ ಕ್ಲೋಯಿಯ ಮನೆಯಲ್ಲಿ ಮುಚ್ಚಿದ ಕೋಣೆಯೊಂದರಿಂದ ಏದುಸಿರಿನ ಸದ್ದು ಕೇಳಿಬರುತ್ತದೆ. ಪ್ರಯೋಗಾಲಯದಿಂದ ಮನೆಗೆ ಮರಳಿದ ಅವಳ ಸೋದರತ್ತೆಯ ಉಸಿರು ಅದು. ಅರೆತೆರೆದ ಬಾಗಿಲಿನ ಸಂದಿಯಲ್ಲಿ ನಮಗೆ ಕಾಣುವುದು ಅರೆಕ್ಷಣ ಮಾತ್ರ. ಕ್ಲೋಯಿಯ ಪುಟ್ಟ ತಮ್ಮ ಪಾಲ್ ಅದೇ ಮನೆಯಲ್ಲಿ, ಆ ಸದ್ದಿನ ನಡುವೆಯೇ ಬದುಕುತ್ತಿದ್ದಾನೆ ಎಂಬುದು ನೆನಪಾದಾಗ ಮೈ ಜುಮ್ಮೆನ್ನುತ್ತದೆ. ಇಡೀ ಚಿತ್ರವನ್ನು ಇದೇ ಸಂಯಮದಲ್ಲಿ ನಡೆಸುವ ಶಕ್ತಿ ನಿರ್ದೇಶಕರಿಗಿತ್ತು ಎನ್ನುವುದಕ್ಕೆ ಆ ಬಾಗಿಲೊಂದೇ ಸಾಕ್ಷಿ.

ಎರಡನೆಯ ಉತ್ತರ

ನಾನು ನಿಮ್ಮ ಎರಡನೆಯ ಪ್ರಶ್ನೆಗೆ ಬರುತ್ತೇನೆ. ಎರಡನೆಯ ಮಹಾಯುದ್ಧದ ಚರಿತ್ರೆಯನ್ನು ಬಹಳ ವರ್ಷಗಳಿಂದ ಓದುತ್ತ ಬಂದವನಾದ್ದರಿಂದ ಉತ್ತರ ಸ್ವಲ್ಪ ಉದ್ದವಾದರೆ ಸಹಿಸಿಕೊಳ್ಳಬೇಕು.

ಚಿತ್ರದ ಆರಂಭದ ವಿಮಾನದ ದೃಶ್ಯದಲ್ಲಿ ನನಗೆ ಉತ್ಪ್ರೇಕ್ಷೆ ಕಾಣಲಿಲ್ಲ. ಆ ರಾತ್ರಿ 82 ಮತ್ತು 101ನೆಯ ವಾಯುವಾಹಿತ ವಿಭಾಗಗಳ 13,000ಕ್ಕೂ ಹೆಚ್ಚು ಸೈನಿಕರು 800ಕ್ಕೂ ಹೆಚ್ಚು ಸಿ-47 ವಿಮಾನಗಳಿಂದ ನಾರ್ಮಂಡಿಯ ಕೊಟೆಂಟಿನ್ ಪರ್ಯಾಯದ್ವೀಪದ ಮೇಲೆ ಧುಮುಕಿದರು. ಮೋಡ ಮತ್ತು ವಿಮಾನನಿರೋಧಕ ಗುಂಡಿನ ನಡುವೆ ವಿಮಾನಗಳು ಚದುರಿ, ಬಹಳಷ್ಟು ಮಂದಿ ಗೊತ್ತುಪಡಿಸಿದ ಜಾಗದಿಂದ ಎಷ್ಟೋ ದೂರ ಬಿದ್ದರು. ಜರ್ಮನ್ನರು ಮೊದಲೇ ನೀರು ಹರಿಸಿ ಮುಳುಗಿಸಿದ್ದ ತಗ್ಗು ಬಯಲುಗಳಲ್ಲಿ ಬಿದ್ದವರಲ್ಲಿ ಕೆಲವರು ಮೈಮೇಲಿನ ಸಾಮಾನಿನ ಭಾರಕ್ಕೆ ಮೇಲೇಳಲಾರದೆ ಸತ್ತರು. ಬಾಯ್ಸ್ ನೀರಿನೊಳಗೆ ಪ್ಯಾರಾಚೂಟಿನ ಹಗ್ಗಗಳಲ್ಲಿ ಸಿಕ್ಕಿಕೊಂಡು ಒದ್ದಾಡುವಾಗ ನನ್ನ ಕಣ್ಣಿಗೆ ಕಟ್ಟಿದ್ದು ಅವರೇ.

ಬಾಯ್ಸ್‌ನಂಥ ಕಪ್ಪು ಸೈನಿಕ ಆ ವಿಮಾನದಲ್ಲಿ ಇರುತ್ತಿರಲಿಲ್ಲ ಎಂಬುದು ಮಾತ್ರ ಚರಿತ್ರೆ. ಅಮೆರಿಕದ ಸೈನ್ಯ ಆಗ ವರ್ಣಭೇದದ ಆಧಾರದಲ್ಲಿ ವಿಂಗಡಣೆಯಾಗಿತ್ತು; ಅದನ್ನು ಕೊನೆಗಾಣಿಸುವ ಆದೇಶಕ್ಕೆ ಅಧ್ಯಕ್ಷ ಟ್ರೂಮನ್ ಸಹಿ ಹಾಕಿದ್ದು 1948ರ ಜುಲೈ 26ರಂದು. ಕಪ್ಪು ಪ್ಯಾರಾಟ್ರೂಪರ್‌ಗಳ 555ನೆಯ ತುಕಡಿಯನ್ನು ಯುರೋಪಿನ ಯುದ್ಧಕ್ಕೆ ಕಳಿಸಲೇ ಇಲ್ಲ. 1945ರಲ್ಲಿ ಅವರನ್ನು ಅಮೆರಿಕದ ಪಶ್ಚಿಮ ಭಾಗದ ಕಾಡ್ಗಿಚ್ಚು ನಂದಿಸಲು ಇಳಿಸಿದರು. ಪಾತ್ರಕ್ಕೆ ಅಡೆಪೊ ಅವರನ್ನು ಆರಿಸಿದ್ದಕ್ಕೆ ನನ್ನ ಆಕ್ಷೇಪವಿಲ್ಲ, ಅವರೇ ಈ ಚಿತ್ರದ ಜೀವಾಳ. ಆದರೆ ಜನಾಂಗದ ಶ್ರೇಷ್ಠತೆಯನ್ನೇ ಧರ್ಮವಾಗಿಸಿಕೊಂಡವರ ಪ್ರಯೋಗಾಲಯಕ್ಕೆ ಒಬ್ಬ ಕಪ್ಪು ಸೈನಿಕ ಕಾಲಿಡುತ್ತಾನೆ, ಚಿತ್ರಕಥೆ ಆ ಬಗ್ಗೆ ಬಹುತೇಕ ಬಾಯಿ ಬಿಡುವುದಿಲ್ಲ. ಇದನ್ನು ನಾನು ಕೈತಪ್ಪಿದ ಅವಕಾಶವೆಂದೇ ಭಾವಿಸುತ್ತೇನೆ.

ಇನ್ನು ಪ್ರಯೋಗಗಳ ವಿಚಾರ. ನಾತ್ಸಿಗಳ ಡಾಹೌ ಸೆರೆಶಿಬಿರದಲ್ಲಿ ಕೈದಿಗಳನ್ನು ಹಿಮದಂಥ ನೀರಿನಲ್ಲಿ ಮುಳುಗಿಸಿಟ್ಟರು, ಗಾಳಿಯ ಒತ್ತಡ ತಗ್ಗಿಸಿದ ಕೋಣೆಯಲ್ಲಿ ಕೂಡಿಹಾಕಿದರು. ರಾವೆನ್ಸ್‌ಬ್ರೂಕ್ ಶಿಬಿರದಲ್ಲಿ ಪೋಲಿಷ್ ಮಹಿಳೆಯರ ಕಾಲುಗಳನ್ನು ಕೊಯ್ದು, ಗಾಯಕ್ಕೆ ಸೋಂಕು ತಗುಲಿಸಿ, ಸೋಂಕುನಿವಾರಕ ಸಲ್ಫಾ ಔಷಧ ಕೆಲಸ ಮಾಡುತ್ತದೆಯೇ ಎಂದು ನೋಡಿದರು. ಇಂದಿನ ಫ್ರಾನ್ಸಿನ ನೆಲದಲ್ಲೇ ಇರುವ ನಾಟ್ಸ್‌ವೈಲರ್ ಶಿಬಿರದಲ್ಲಿ 1943ರಲ್ಲಿ 86 ಯಹೂದಿಯರನ್ನು ಅಸ್ಥಿಪಂಜರಗಳ ಸಂಗ್ರಹಕ್ಕೆಂದು ಕೊಂದರು. ದಣಿವರಿಯದ ಸೈನಿಕನನ್ನು ತಯಾರಿಸುವ ಕನಸೂ ಕಲ್ಪನೆಯದಲ್ಲ. ಪರ್ವಿಟಿನ್ ಎಂಬ ಹೆಸರಿನ, ಮೆಥಾಂಫೆಟಮಿನ್ ಎಂಬ ಉತ್ತೇಜಕದ ಮಾತ್ರೆಗಳನ್ನು ಜರ್ಮನ್ ಸೈನಿಕರಿಗೆ ಯಥೇಚ್ಛವಾಗಿ ಹಂಚಲಾಗಿತ್ತು. 1944ರಲ್ಲಿ ಸಾಕ್ಸೆನ್‌ಹೌಸೆನ್ ಶಿಬಿರದ ಕೈದಿಗಳಿಗೆ ಉತ್ತೇಜಕಗಳನ್ನು ಕೊಟ್ಟು, ಬೆನ್ನಿಗೆ ಭಾರ ಹೊರಿಸಿ, ಬೂಟುಗಳ ಬಾಳಿಕೆ ಪರೀಕ್ಷಿಸುವ ಹಾದಿಯಲ್ಲಿ ಕುಸಿಯುವವರೆಗೆ ನಡೆಸಿದರು. ನ್ಯೂರೆಂಬರ್ಗ್‌ನಲ್ಲಿ 1946ರ ಡಿಸೆಂಬರ್ 9ರಂದು ಆರಂಭವಾದ ವೈದ್ಯರ ವಿಚಾರಣೆಯಲ್ಲಿ ಆರೋಪಿಗಳಾಗಿದ್ದ 23 ಮಂದಿಯಲ್ಲಿ 20 ಮಂದಿ ವೈದ್ಯರೇ. 16 ಮಂದಿಯ ಅಪರಾಧ ಸಾಬೀತಾಯಿತು, 7 ಮಂದಿಯನ್ನು ಗಲ್ಲಿಗೇರಿಸಲಾಯಿತು.

ಇಷ್ಟನ್ನು ತಿಳಿದೂ ನಾನು ಈ ಚಿತ್ರವನ್ನು ಖಂಡಿಸುವುದಿಲ್ಲ, ಏಕೆಂದರೆ ಭೂತದ ಕಥೆಯ ಮೂಲಕವೂ ಅಪರಾಧದ ಸ್ವರೂಪ ತಿಳಿಯಬಹುದು. ನನ್ನ ತಕರಾರು ಇರುವುದು ನೆಲಮಾಳಿಗೆಯಲ್ಲಿ. ಅಲ್ಲಿ ದ್ರವ ತುಂಬಿದ ಚೀಲಗಳಲ್ಲಿ ಮನುಷ್ಯರು ತೂಗುತ್ತಿದ್ದಾರೆ; ಬೆನ್ನುಮೂಳೆಯೊಂದಿಗೆ ಕತ್ತರಿಸಿಟ್ಟ ಮಹಿಳೆಯೊಬ್ಬಳ ತಲೆ ಬಾಯ್ಸ್‌ನನ್ನು ಬೇಡಿಕೊಳ್ಳುತ್ತದೆ. ಅವಳು ಯಾರ ಮಗಳು, ಕ್ಲೋಯಿಗೆ ಅವಳ ಪರಿಚಯವಿತ್ತೇ? ಅದು ಚಿಕ್ಕ ಹಳ್ಳಿ, ಅವರೆಲ್ಲ ಒಬ್ಬರಿಗೊಬ್ಬರು ಬೇಕಾದವರೇ ಆಗಿರುತ್ತಾರೆ. ಚಿತ್ರ ಅವಳನ್ನು ಒಮ್ಮೆ ತೋರಿಸಿ, ನಮ್ಮನ್ನು ಬೆಚ್ಚಿಬೀಳಿಸಿ, ಮುಂದೆ ಹೋಗಿಬಿಡುತ್ತದೆ. ಚೇಸ್‌ಗೆ ಸಿಕ್ಕ ಒಂದು ಹೆಸರು, ಒಂದು ಕ್ಯಾಮೆರಾ ಅವಳಿಗೂ ಸಿಕ್ಕಿದ್ದರೆ ನಿಮ್ಮ ಎರಡನೆಯ ಪ್ರಶ್ನೆಯೇ ಏಳುತ್ತಿರಲಿಲ್ಲವೇನೋ.

ಮೂರನೆಯ ಉತ್ತರ

ಮೇಲಿನ ಇಬ್ಬರ ಮಾತನ್ನೂ ಗೌರವದಿಂದ ಓದಿದೆ, ಆದರೂ ಕೊನೆಯ ಅರ್ಧ ಗಂಟೆಯ ಪರವಾಗಿ ಒಬ್ಬರಾದರೂ ಮಾತಾಡಬೇಕು. ಮುಖದ ಒಂದು ಭಾಗ ಹಾರಿಹೋಗಿ ಹಲ್ಲಿನ ಸಾಲು ಹೊರಗೆ ಕಾಣುತ್ತಿದ್ದರೂ ವಾಫ್ನರ್‌ನ ದರ್ಪ ಎಳ್ಳಷ್ಟೂ ಕುಗ್ಗುವುದಿಲ್ಲ. ಪಿಲೌ ಆಸ್ಬೆಕ್ ಆ ಮೇಕಪ್ಪಿನ ಕೆಳಗಿನಿಂದಲೇ ನಟಿಸಿರುವ ರೀತಿಗೆ ನಾನು ಮಾರುಹೋದೆ. ಸಾವಿರ ವರ್ಷದ ಸಾಮ್ರಾಜ್ಯದ ಭ್ರಮೆ ಹೊತ್ತ ಮನುಷ್ಯ ತನ್ನ ದೇಹ ಕೊಳೆಯುತ್ತಿರುವಾಗಲೂ ತಾನು ಗೆದ್ದೆನೆಂದೇ ನಂಬಿರುತ್ತಾನೆ, ಮತ್ತು ಆ ನಂಬಿಕೆಯ ಚಿತ್ರವಾಗಿ ನನಗೆ ಆ ಬೀಭತ್ಸ ಅರ್ಥಪೂರ್ಣವಾಗಿಯೇ ಕಂಡಿತು. ಜೊತೆಗೆ, ಗೋಪುರ ಬೆಳಗಾಗುವುದರೊಳಗೆ ಉರುಳಲೇಬೇಕು ಎಂಬ ಒಂದೇ ಗುರಿಯನ್ನು ಚಿತ್ರಕಥೆ ಕೊನೆಯವರೆಗೂ ಕೈಬಿಡುವುದಿಲ್ಲ. ಹೆಣ ಎದ್ದರೂ, ಗೆಳೆಯ ಸತ್ತರೂ ಆ ಗಡುವು ಹತ್ತಿರವಾಗುತ್ತಲೇ ಇರುತ್ತದೆ. ಇಷ್ಟು ಬಿಗಿಯಾದ ನಿರೂಪಣೆ ಈ ಬಗೆಯ ಚಿತ್ರಗಳಲ್ಲಿ ಅಪರೂಪ.

ನಾಲ್ಕನೆಯ ಉತ್ತರ

ಇಲ್ಲಿಯವರೆಗೆ ಯಾರೂ ಎತ್ತದ ಒಂದು ದೃಶ್ಯವಿದೆ. ಪ್ಯಾರಾಟ್ರೂಪರ್‌ಗಳ ಮುಂದಾಳು ಕಾರ್ಪೊರಲ್ ಫೋರ್ಡ್ ಸೆರೆಸಿಕ್ಕ ವಾಫ್ನರ್‌ನನ್ನು ಕಟ್ಟಿಹಾಕಿ, ಚರ್ಚಿನ ಒಳಗಿನ ವಿವರ ಬಾಯಿಬಿಡಿಸಲು ಹಿಗ್ಗಾಮುಗ್ಗ ಥಳಿಸುತ್ತಾನೆ. ಬಾಯ್ಸ್ ಅದನ್ನು ವಿರೋಧಿಸುತ್ತಾನೆ. ವಾಫ್ನರ್ ಸ್ವಲ್ಪ ಹೊತ್ತಿನ ಮೊದಲು ಕ್ಲೋಯಿಯನ್ನು, ಅವಳ ತಮ್ಮನ ಪ್ರಾಣವನ್ನೇ ಒತ್ತೆಯಾಗಿಟ್ಟು, ತನ್ನ ಇಚ್ಛೆಗೆ ಮಣಿಸಲು ಯತ್ನಿಸಿದ್ದನ್ನು ನಾವು ಕಂಡಿರುತ್ತೇವೆ. ಆದ್ದರಿಂದ ಆ ಹೊಡೆತಗಳು ಬೀಳಲಿ ಎಂದೇ ನಮ್ಮ ಮನಸ್ಸು ಬಯಸುತ್ತದೆ. ನನ್ನ ಮನಸ್ಸಂತೂ ಬಯಸಿತು, ಮತ್ತು ಅದನ್ನು ಗಮನಿಸಿಕೊಂಡಾಗ ಕಸಿವಿಸಿಯಾಯಿತು. ಚಿತ್ರದ ಹಿಂಸೆಯಲ್ಲಿ ಪ್ರೇಕ್ಷಕನೂ ಪಾಲುದಾರನಾಗುವ ಕ್ಷಣ ಅದೊಂದೇ. ಅದನ್ನು ಇನ್ನಷ್ಟು ಹೊತ್ತು ಹಿಡಿದು ನಿಲ್ಲಿಸಿದ್ದರೆ ಕೊನೆಯ ಕಾಳಗಕ್ಕೂ ಒಂದು ತೂಕ ಬರುತ್ತಿತ್ತು.

ಪ್ರಶ್ನೆ ಕೇಳಿದವರ ಮರುಮಾತು

ಎಲ್ಲರಿಗೂ ಧನ್ಯವಾದಗಳು. ಈ ಉತ್ತರಗಳನ್ನು ಓದಿದ ಮೇಲೆ ಚಿತ್ರದ ಕೊನೆಯ ಹತ್ತು ನಿಮಿಷವನ್ನು ಮತ್ತೆ ನೋಡಿದೆ. ಮದ್ದು ಚುಚ್ಚಿಕೊಂಡ ಫೋರ್ಡ್, ಅದು ಜರ್ಮನ್ನರಿಗಾಗಲಿ ತಮ್ಮವರಿಗಾಗಲಿ ಸಿಗಬಾರದೆಂದು ತನ್ನನ್ನೂ ಸೇರಿಸಿ ಪ್ರಯೋಗಾಲಯವನ್ನು ಸ್ಫೋಟಿಸಲು ಬಾಯ್ಸ್‌ಗೆ ಹೇಳುತ್ತಾನೆ. ಆಮೇಲೆ ಮೇಲಧಿಕಾರಿ ಚರ್ಚಿನ ಕೆಳಗೆ ಏನಿತ್ತೆಂದು ವಿಚಾರಿಸಿದಾಗ, ಅಗೆದು ನೋಡುವಂಥದ್ದೇನೂ ಅಲ್ಲಿಲ್ಲ ಎಂಬಂತೆ ಬಾಯ್ಸ್ ಉತ್ತರಿಸಿಬಿಡುತ್ತಾನೆ. ಮೊದಲ ಸಲ ನೋಡಿದಾಗ ಇದನ್ನು ನಾನು ವಿವೇಕವೆಂದು ಮೆಚ್ಚಿದ್ದೆ. ಮದ್ದು ಯಾರ ಕೈಗೂ ಸಿಗದಿರಲಿ ಎನ್ನುವುದು ಈಗಲೂ ಸರಿಯೆನಿಸುತ್ತದೆ. ಆದರೆ ಎರಡನೆಯ ಉತ್ತರದಲ್ಲಿ ಬಂದ ನ್ಯೂರೆಂಬರ್ಗ್ ವಿಚಾರಣೆಯನ್ನು ನೆನೆದಾಗ, ಆ ಮಾತಿನಿಂದ ಮದ್ದಿನ ಜೊತೆಗೆ ಚೀಲಗಳಲ್ಲಿ ತೂಗುತ್ತಿದ್ದ ಹಳ್ಳಿಗರೂ, ಬೇಡಿಕೊಂಡ ಆ ಮಹಿಳೆಯೂ ಮಣ್ಣಿನಡಿಯಲ್ಲೇ ಉಳಿದರು ಎಂಬುದು ಹೊಳೆಯಿತು. ಅವರ ಪರವಾಗಿ ಸಾಕ್ಷಿ ಹೇಳಬಲ್ಲ ಸೈನಿಕ ಅವನೊಬ್ಬನೇ ಇದ್ದ. ಕ್ಲೋಯಿ ಅಲ್ಲೇ ಹತ್ತಿರದಲ್ಲಿದ್ದಾಳೆ. ಅವಳ ಅತ್ತೆಯ ವಿಷಯವನ್ನು ಆ ಅಧಿಕಾರಿಗೆ ಯಾರೂ ಹೇಳುವುದಿಲ್ಲ.