14 ತಿಂಗಳ ಮಗ, ಮನೆಯಲ್ಲಿ ಮೂರು ಭಾಷೆ: ಮಾತು ತಡವಾಗ್ತದಾ?

ಪ್ರಶ್ನೆ (ಬದಿಯಡ್ಕದಿಂದ ಒಬ್ಬ ತಾಯಿ): ಮೇಡಂ, ನಾನು ಕೆಲಸಕ್ಕೆ ಹೋದರೆ ಬರುವುದು ಸಂಜೆ. ಅಲ್ಲಿವರೆಗೆ ಮಗನನ್ನು ಅತ್ತೆ ನೋಡಿಕೊಳ್ತಾರೆ. ಅವರದ್ದು ತುಳು, ನನ್ನದು ಕನ್ನಡ, ಪಕ್ಕದ ಮನೆ ಮಕ್ಕಳದ್ದು ಮಲಯಾಳ. ಮಗ "ಅಮ್ಮ" ಅಂತಾನೆ. ಬಾಕಿ ಎಲ್ಲ ಬೆರಳು ತೋರಿಸಿ "ಕಾ", "ಬಾ" ಅಷ್ಟೆ. ಮಾತು ಕಲಿಯಲಿ ಅಂತ ಊಟದ ಹೊತ್ತಿಗೆ ಮೊಬೈಲಿನಲ್ಲಿ ಕನ್ನಡ ಶಿಶುಗೀತೆ ಹಾಕ್ತೇವೆ. ಅತ್ತೆಗೂ ಕನ್ನಡವೇ ಮಾತಾಡಿ ಅಂತ ಹೇಳಬೇಕಾ?

ಉತ್ತರ (ಸ್ಪೀಚ್ ಥೆರಪಿಸ್ಟ್): ದಯವಿಟ್ಟು ಹೇಳಬೇಡಿ. ಹಲವು ಭಾಷೆ ಕೇಳಿದ್ದರಿಂದ ಮಾತು ತಡವಾಗುವುದಿಲ್ಲ. ಅತ್ತೆಗೆ ಮನಸ್ಸು ಬಿಚ್ಚಿ ಬರುವುದು ತುಳುವಾದರೆ ಅದೇ ಇರಲಿ. ಬೆರಳು ತೋರಿಸುತ್ತಾನೆ ಅಂದಿರಲ್ಲ, ಅದು ತುಂಬಾ ಒಳ್ಳೆಯ ಲಕ್ಷಣ. ಅದು ಅವನ ಕರೆ, ನೀವು ಓಗೊಡಬೇಕು. ಅಡಿಕೆ ಒಣಗಿಸುವ ಅಂಗಳದಲ್ಲಿ ಕಾಗೆ ನೋಡಿ "ಕಾ" ಅಂದರೆ ನೀವು "ಹೌದಲ್ವಾ, ಕಾಗೆ ಬಂತು, ಹಾರಿ ಹೋಯ್ತು" ಅನ್ನಿ. ಅತ್ತೆ "ಕಕ್ಕೆ" ಅನ್ನಲಿ, ಪಕ್ಕದ ಮನೆಯವರು "ಕಾಕ್ಕ" ಅನ್ನಲಿ. ಅವನ "ಕಾ" ಮೂರಕ್ಕೂ ಸಲ್ಲುತ್ತದೆ!

ಮೊಬೈಲ್ ಹೀಗೆ ಓಗೊಡುವುದಿಲ್ಲ. 2003ರಲ್ಲಿ ಶಿಶುಗಳ ಭಾಷಾ ಕಲಿಕೆಯ ಸಂಶೋಧಕಿ ಪೆಟ್ರೀಷಿಯಾ ಕೂಲ್ ಮತ್ತು ಸಂಗಡಿಗರು ಅಮೆರಿಕದ 9 ತಿಂಗಳ ಶಿಶುಗಳಿಗೆ ಚೀನಾದ ಮ್ಯಾಂಡರಿನ್ ಕೇಳಿಸಿದರು. ಎದುರು ಕೂತು ಆಡಿಸಿದವರಿಂದ ಮಕ್ಕಳು ಆ ಭಾಷೆಯ ಧ್ವನಿಗಳನ್ನು ಗುರುತಿಸಲು ಕಲಿತರು. ಅದೇ ಜನರನ್ನು ಟಿವಿಯಲ್ಲಿ ತೋರಿಸಿದಾಗ ಕಲಿಯಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ಕೂಡ 2019ರಲ್ಲಿ ಈ ಪ್ರಾಯದ ಮಕ್ಕಳಿಗೆ ಪರದೆ ಬೇಡ ಎಂದೇ ಹೇಳಿದೆ.

ಅದೇ ತಾಯಿ: ಊಟದ ಮೊಬೈಲ್ ಇವತ್ತಿನಿಂದಲೇ ನಿಲ್ಲಿಸ್ತೇನೆ. ಆದರೆ ಅತ್ತೆ ಮಾತು ಕಡಿಮೆ. ನನಗೆ ಸಿಗುವುದು ರಾತ್ರಿ ಒಂದು ಗಂಟೆ. ಸಾಲುತ್ತದಾ?

ಉತ್ತರ: ಎಡೆಬಿಡದೆ ಮಾತಾಡಬೇಕು ಅಂತಲೇ ಇಲ್ಲ. ಎಷ್ಟೋ ಮನೆಗಳಲ್ಲಿ ನಾನು ನೋಡುವ ತಪ್ಪು ಅದೇ: "ಇದೆಂತದು? ಹೇಳು, ಹೇಳು" ಅಂತ ಮಗುವಿಗೆ ಬಾಯಿ ತೆರೆಯಲೇ ಬಿಡುವುದಿಲ್ಲ. ನೀವು ಒಂದು ಮಾತು ಹೇಳಿ ಸುಮ್ಮನಿರಿ, ಮುಖ ನೋಡಿ, ಮನಸ್ಸಿನಲ್ಲೇ ಐದು ಎಣಿಸಿ. ಅವನು ಶಬ್ದ ಮಾಡಲಿ, ನಗಲಿ, ಕೈ ಎತ್ತಲಿ, ಅದೇ ಅವನ ಸರದಿ. ಆಮೇಲೆ ನಿಮ್ಮದು. ಅತ್ತೆ ಎಣ್ಣೆ ಹಚ್ಚಿ ಮೀಯಿಸುವಾಗ ಅವನ ಕಣ್ಣು ನೋಡಿ ನಕ್ಕರೂ ಅದು ಓಗೊಟ್ಟ ಹಾಗೆಯೇ. ನಿಮ್ಮ ಆ ಒಂದು ಗಂಟೆಯಲ್ಲಿ ಫೋನ್ ಮಾತ್ರ ಬೇರೆ ಕೋಣೆಯಲ್ಲಿರಲಿ, ಅದನ್ನು ನೋಡ್ತಾ ಕೂತರೆ ಅವನಿಗೆ ಓಗೊಡಲು ಆಗುವುದಿಲ್ಲ. ಮನಶ್ಶಾಸ್ತ್ರಜ್ಞ ಎಡ್ವರ್ಡ್ ಟ್ರಾನಿಕ್ 1970ರ ದಶಕದಲ್ಲಿ ಮಾಡಿದ ಪ್ರಯೋಗದಲ್ಲಿ, ತಾಯಿ ಎರಡು ಮೂರು ನಿಮಿಷ ಮುಖದಲ್ಲಿ ಭಾವವೇ ತೋರಿಸದೆ ಕೂತರೆ ಶಿಶು ಮೊದಲು ನಗಿಸಲು ನೋಡುತ್ತದೆ, ಕೊನೆಗೆ ಮುಖ ತಿರುಗಿಸಿಕೊಳ್ಳುತ್ತದೆ. ಅಷ್ಟು ಸಣ್ಣ ಮಗುವಿಗೂ ಉತ್ತರ ಬರಲಿಲ್ಲವೆಂದು ಗೊತ್ತಾಗ್ತದೆ.

ಇನ್ನೊಬ್ಬರು (ಉಪ್ಪಳ): ನನ್ನ ಮಗಳಿಗೆ 16 ತಿಂಗಳು. ಹೆಸರು ಕರೆದರೆ ತಿರುಗುವುದೇ ಇಲ್ಲ, ಬೆರಳೂ ತೋರಿಸುವುದಿಲ್ಲ. "ನಿನ್ನ ಗಂಡನೂ ಮಾತು ಕಲಿತದ್ದು ತಡವಾಗಿಯೇ" ಅಂತಾರೆ ಮನೆಯವರು.

ಉತ್ತರ: ಅಕ್ಕ, ನೀವು ಕಾಯಬೇಡಿ. ಈ ವಾರವೇ ಮಕ್ಕಳ ಡಾಕ್ಟ್ರಿಗೆ ತೋರಿಸಿ, ಮೊದಲು ಕಿವಿ ಪರೀಕ್ಷೆ ಮಾಡಿಸಿ. ಹುಟ್ಟಿದಾಗ ಮಾಡಿಸಿದ್ದರೂ ಮತ್ತೆ ಆಗಬೇಕು. ರಿಪೋರ್ಟ್ ಸಿಕ್ಕಿದ ಮೇಲೆ ನನಗೆ ಮೆಸೇಜ್ ಮಾಡಿ, ಮುಂದಿನದ್ದು ಮಾತಾಡುವ.