ಮೌಂಟ್ ಐಡಾದಲ್ಲಿ ಹರಳು ಹೆಕ್ಕಲು ಏನೇನು ಬೇಕು?

ಪ್ರಶ್ನೆ:
ಮುಂದಿನ ತಿಂಗಳು ಅರ್ಕಾನ್ಸಾಸ್‌ನ ಮೌಂಟ್ ಐಡಾ ಕಡೆ ಹೋಗುತ್ತಿದ್ದೇವೆ. ಅಲ್ಲಿ ದುಡ್ಡು ಕಟ್ಟಿ ಗಣಿಗೆ ಹೋದರೆ ಸಿಕ್ಕಿದ ಕ್ವಾರ್ಟ್ಜ್ ಹರಳನ್ನು ಮನೆಗೆ ತರಬಹುದಂತೆ. ಜೊತೆಗೆ 9 ವರ್ಷದ ಮಗಳು. ನಿಜವಾಗಿ ಏನಾದರೂ ಸಿಗುತ್ತಾ, ಇಲ್ಲಾ ಸುಮ್ನೆ ಮಣ್ಣು ಕೆದಕಿ ಬರೋದಾ?

ಉತ್ತರ 1:
ಸಿಗುತ್ತೆ. ನಾನು ಎರಡು ಸಲ ಹೋಗಿದ್ದೇನೆ. ಮೊದಲ ಸಲ ದೊಡ್ಡ ಸುತ್ತಿಗೆ ಹೊತ್ತುಕೊಂಡು ಹೋದೆ, ಅದು ಕಾರಿನಲ್ಲೇ ಉಳಿಯಿತು. ಸುತ್ತಿಗೆ ಬೇಕಾಗೋದು ನ್ಯೂಯಾರ್ಕ್‌ನ ಹರ್ಕಿಮರ್‌ನಲ್ಲಿ, ಅಲ್ಲಿ ಹರಳು ಬೇಕಂದ್ರೆ ಬಂಡೆ ಒಡೆಯಬೇಕು. ಇಲ್ಲಿ ನಾನು ಕೆದಕಿದ್ದು ಯಂತ್ರದಿಂದ ತೋಡಿ ಹಾಕಿದ್ದ ಕೆಂಪು ಜೇಡಿಮಣ್ಣಿನ ಗುಡ್ಡೆ. ಸ್ಕ್ರೂಡ್ರೈವರ್, ಬಕೆಟ್, ಕೈಗವಸು ಸಾಕು.

ಹರಳು ಫಳಫಳ ಹೊಳೆಯುತ್ತೆ ಅಂತ ಹುಡುಕಬೇಡಿ. ಮಣ್ಣು ಮೆತ್ತಿಕೊಂಡು ಹಳೇ ಇಟ್ಟಿಗೆ ಚೂರಿನ ಹಾಗಿರುತ್ತೆ. ಹೆಬ್ಬೆರಳಲ್ಲಿ ಉಜ್ಜಿ. ನುಣುಪಾದ ಚಪ್ಪಟೆ ಮುಖ, ಪಕ್ಕದಲ್ಲಿ ಏಣು ಸಿಕ್ಕರೆ ಅದೇ. ಒಡೆದ ಅಂಚು ಗಾಜಿನಷ್ಟೇ ಹರಿತ, ನನ್ನ ಹೆಬ್ಬೆರಳೇ ಸಾಕ್ಷಿ. ಮಳೆ ಬಂದ ಮರುದಿನ ಹೋದರೆ ಲಾಭ ಜಾಸ್ತಿ, ಮೇಲಿನ ಮಣ್ಣು ತೊಳೆದು ಹರಳು ಕಣ್ಣಿಗೆ ಬೀಳುತ್ತೆ.

ಉತ್ತರ 2:
ಆ ಕೆಂಪು ಕಲೆಗೆ ಏನು ಮಾಡಿದ್ರಿ? ನನ್ನ ಹರಳುಗಳು ಬ್ರಷ್ಷಿಗೆ ಬಗ್ಗುತ್ತಿಲ್ಲ.

ಉತ್ತರ 1:
ಅದು ಕಬ್ಬಿಣದ ಕಲೆ. ಆಕ್ಸಾಲಿಕ್ ಆಮ್ಲದ ನೀರಲ್ಲಿ ಕೆಲವು ದಿನ ನೆನೆಸಿ. ಪ್ಲಾಸ್ಟಿಕ್ ಬಕೆಟ್‌ನಲ್ಲಿ, ಮನೆ ಹೊರಗೆ. ವಿಷ ಅದು, ಮಕ್ಕಳನ್ನು ದೂರ ಇಡಿ. ಬೇಗ ಆಗಲಿ ಅಂತ ಕಾಯಿಸಬೇಡಿ. ಬಿಸಿ ಹರಳಿಗೆ ತಣ್ಣೀರು ಸೋಕಿ, ನನ್ನದೊಂದು ಟಪ್ ಅಂತ ಬಿರುಕು ಬಿಟ್ಟಿತು. ಇದ್ದುದರಲ್ಲಿ ಚೆನ್ನಾಗಿದ್ದದ್ದು ಅದೇ.

ಪ್ರಶ್ನೆ ಕೇಳಿದವರು:
ಥ್ಯಾಂಕ್ಸ್! ಬಟ್ಟೆ?

ಉತ್ತರ 1:
ಹಳೇದು. ಎಸೆಯೋಕೆ ಬೇಜಾರಾಗದಂಥದ್ದು.